ಗ್ರೀಸು ಮೆತ್ತಿದ ಕೈ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬನು ಇಂಗ್ಲೆಂಡಿನ ತನ್ನ ಮನೆಯ ಗ್ಯಾರೇಜಿನಲ್ಲಿ ಮೋಟಾರ್ ಬೈಕಿನ ಎಂಜಿನ್ ಅಳವಡಿಸಿ ಸ್ವಂತ ಕೈಯಿಂದ ಒಂದು ಕಾರು ಕಟ್ಟಿದ್ದಾನೆ ಎಂಬ ಸುದ್ದಿಯನ್ನು ನಾನು ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ ಹೇಳಿದಾಗ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕಿದ್ದ ನಮ್ಮ ಭಾವನವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಯಾಕೆ, ಅಲ್ಲಿ ಕಾರು ಕೊಳ್ಳೋಕೆ ಸಿಗೋದಿಲ್ವೇನು?" ಎಂದು ಕೇಳಿದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷಗಳ ಹಿಂದೆ ಅದೇ ಹುಡುಗನಿಗೆ ನಾನೂ ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು ಕೇಳಿದ್ದೆ. ಅದೂ ನಗುತ್ತಾ ಅಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಜೊತೆಯಲ್ಲಿ ಓದಿದವರಿಗೆ ಬರೆಯಬೇಕಾದ ಅಗತ್ಯವೂ ಇಲ್ಲ. ತಂದೆಯದು ಬಸ್ ನಿಲ್ದಾಣದ ಹಿಂದಿನ ಸೈಕಲ್ ಶಾಪು. ಹತ್ತನೆಯ ತರಗತಿಯಲ್ಲಿದ್ದಾಗ ಅವನು ಕೆಟ್ಟು ಮೂಲೆ ಸೇರಿದ್ದ ಒಂದು ಲೂನಾವನ್ನು ಎಲ್ಲಿಂದಲೋ ತಂದು, ಅದರ ಎಂಜಿನ್ ಬಿಚ್ಚಿ, ನಾಲ್ಕು ಸೈಕಲ್ ಗಾಲಿಗಳ ಮೇಲೆ ಹಲಗೆ ಜೋಡಿಸಿ ಗಾಡಿಯೊಂದನ್ನು ಮಾಡಲು ಹೊರಟಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನದಲ್ಲಿ ಅನುತ್ತೀರ್ಣನಾದ. ನಾನು ತರಗತಿಯ ಉಪಾಧ್ಯಾಯ. ಸಂಜೆ ಶಾಪಿಗೆ ಹೋಗಿ ಅವನ ತಂದೆಗೆ, "ಗ್ರೀಸು ಮೆತ್ತಿದ ಕೈಯಲ್ಲಿ ಪೆನ್ನು ನಿಲ್ಲೋದಿಲ್ಲ, ನೋಡಿ" ಎಂದು ಹೇಳಿ ಬಂದೆ. ಅದೇ ವಾರ ಲೂನಾ ಗುಜರಿಗೆ ಹೋಯಿತು. ಹುಡುಗ ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾದ, ಮುಂದೆ ಎಂಜಿನಿಯರಿಂಗ್ ಓದಿದ, ಗಣಕಯಂತ್ರದ ಕೆಲಸ ಹಿಡಿದು ವಿದೇಶಕ್ಕೆ ಹೋದ. ಈ ಕಥೆಯನ್ನು ನಾನು ಎಷ್ಟೋ ವರ್ಷ ತರಗತಿಗಳಲ್ಲಿ ನನ್ನ ಉಪದೇಶದ ಸಾರ್ಥಕತೆಗೆ ನಿದರ್ಶನವಾಗಿ ಹೇಳಿದ್ದೇನೆ. ನಿಮ್ಮಲ್ಲಿ ಹಲವರು ಕೇಳಿಯೂ ಇದ್ದೀರಿ.

2023ರ ಬೇಸಿಗೆಯಲ್ಲಿ ನಾನು ಮಗಳ ಮನೆಯೆಂದು ಲೆಸ್ಟರಿಗೆ ಹೋಗಿದ್ದಾಗ, ವಿಷಯ ತಿಳಿದು ಅವನೇ ಬಂದು ನನ್ನನ್ನು ತನ್ನ ಮನೆಗೆ ಕರೆದೊಯ್ದ. ಕಾಫಿ ಕೂಡ ಕೊಡಲಿಲ್ಲ, ನೇರವಾಗಿ ಗ್ಯಾರೇಜಿನ ಬಾಗಿಲೆತ್ತಿದ. ಒಳಗೆ ಉದ್ದ ಮೂತಿಯ, ಬಾಗಿಲಿಲ್ಲದ, ನನ್ನ ಸೊಂಟದೆತ್ತರಕ್ಕೂ ಬಾರದ ಒಂದು ಹಸಿರು ವಾಹನವಿತ್ತು. "ಸರ್, ಇದಕ್ಕೆ ನಾಲ್ಕು ವರ್ಷ ಹಿಡೀತು" ಎಂದ. ಅವನ ಎಡಗೈಯ ಉಗುರಿನ ಸಂದಿಯಲ್ಲಿ ಕಪ್ಪು ಗೆರೆಯಿತ್ತು.

ಈ ಬಗೆಯ ಕಾರುಗಳ ಪೂರ್ವಜ 1957ರಲ್ಲಿ ಕಾಲಿನ್ ಚಾಪ್ಮನ್ ತಂದ ಲೋಟಸ್ ಸೆವೆನ್. ಆ ಕಾಲದ ಬ್ರಿಟನ್ನಿನಲ್ಲಿ ಸಿದ್ಧವಾದ ಕಾರಿಗೆ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. ಜೋಡಿಸುವ ಸೂಚನೆಗಳನ್ನು ಜೊತೆಗೆ ಕೊಡಬಾರದೆಂಬ ನಿಬಂಧನೆಯಿದ್ದುದರಿಂದ ಕಂಪನಿಯವರು ಬಿಚ್ಚುವ ಸೂಚನೆಗಳನ್ನು ಕೊಟ್ಟು, ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಎಂದರಂತೆ. ಅಲ್ಲಿನವರು ಈಗಲೂ ಚಪ್ಪರಿಸಿ ಹೇಳುವ ಕಥೆ ಇದು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಅನುಕೂಲ ಹೋಯಿತು, ಆದರೆ ಮನೆಯಲ್ಲಿ ಕಾರು ಕಟ್ಟುವ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬಾತ ಕೇವಲ 250 ಪೌಂಡಿನಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಪುಸ್ತಕ ಬರೆದ ಮೇಲಂತೂ, ಒಂದಂಗುಲದ ಚೌಕ ಉಕ್ಕಿನ ಕೊಳವೆಗಳನ್ನು ತಂದು ಕತ್ತರಿಸಿ ಬೆಸೆಯುವವರು ಊರೂರಿನಲ್ಲಿ ಹುಟ್ಟಿಕೊಂಡರು. ನನ್ನ ಶಿಷ್ಯನ ಕಪಾಟಿನಲ್ಲಿಯೂ ಆ ಪುಸ್ತಕವಿದೆ. ಇನ್ನೂರೈವತ್ತು ಪೌಂಡಿನ ಮಾತನ್ನು ನಂಬಿ ಹೊರಟವನು ಎಂಟು ಸಾವಿರ ದಾಟಿಸಿದನೆಂದು ಅವನ ಹೆಂಡತಿ ನನಗೆ ಆಮೇಲೆ ಅಡುಗೆಮನೆಯಲ್ಲಿ ಲೆಕ್ಕ ಒಪ್ಪಿಸಿದಳು.

ಅವನು ಹಾಕಿದ್ದು ಅಪಘಾತದಲ್ಲಿ ನುಜ್ಜಾದ ಯಮಹಾ ಆರ್1 ಬೈಕಿನ 998 ಸಿ.ಸಿ. ಎಂಜಿನ್. ನಮ್ಮ ಮಾರುತಿ 800ರ ಎಂಜಿನ್ 796 ಸಿ.ಸಿ.ಯದು, ಸುಮಾರು 37 ಅಶ್ವಶಕ್ತಿಯದು. ಗಾತ್ರದಲ್ಲಿ ಅದಕ್ಕಿಂತ ಕಾಲುಭಾಗವಷ್ಟೇ ದೊಡ್ಡದಾದ ಈ ಎಂಜಿನ್ ನೂರೈವತ್ತರಷ್ಟು ಅಶ್ವಶಕ್ತಿ ಕೊಡುತ್ತದೆ. ಮರ್ಮವಿರುವುದು ವೇಗದಲ್ಲಿ: ಶಕ್ತಿಯೆಂದರೆ ತಿರುಚುಬಲ ಮತ್ತು ತಿರುಗುವ ವೇಗದ ಗುಣಲಬ್ಧ, ಇದು ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ದಾಟಿ ತಿರುಗಬಲ್ಲದು. ಆ ಎಂಜಿನ್ನಿನೊಡನೆ ಆರು ಗೇರುಗಳ ಪೆಟ್ಟಿಗೆಯೂ ಒಂದೇ ಎರಕದಲ್ಲಿ ಕೂಡಿಕೊಂಡೇ ಬರುತ್ತದೆ. ಕಾರಾದರೋ ಐನೂರು ಕಿಲೋ ಮಾತ್ರ.

ಆದರೆ ಬೈಕಿಗೆಂದು ಹುಟ್ಟಿದ್ದನ್ನು ಕಾರಿಗೆ ಕೂರಿಸಿದರೆ ಅದು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಬೈಕಿನಲ್ಲಿ ಚೈನು ತಿರುಗಿಸುತ್ತಿದ್ದ ಹಲ್ಲುಗಾಲಿಯ ಜಾಗದಿಂದ ಹಿಂದಿನ ಆಕ್ಸಲ್ಲಿಗೆ ಉದ್ದನೆಯ ಶಾಫ್ಟು ಕೊಡಬೇಕು. ಹಗುರವಾದ ಬೈಕನ್ನು ಎಳೆಯಲು ಮಾಡಿದ ಕ್ಲಚ್ಚು ಜಾರುತ್ತದೆ. ಗಟ್ಟಿ ಸ್ಪ್ರಿಂಗು ಹಾಕಬೇಕು. ಇವುಗಳೆಲ್ಲಕ್ಕಿಂತ ದೊಡ್ಡದೊಂದು ತೊಡಕಿತ್ತು. ಅದನ್ನು ಅವನು ವಿವರಿಸಲಿಲ್ಲ, ನನಗೆ ಪ್ರಶ್ನೆಯಾಗಿ ಹಾಕಿದ. "ಸರ್, ಇದೇ ಎಂಜಿನ್ನು ಬೈಕಲ್ಲಿದ್ದಾಗ ಎಷ್ಟೇ ಜೋರಾಗಿ ತಿರುಗಿಸಿದರೂ ಏನೂ ಆಗೋದಿಲ್ಲ. ಕಾರಲ್ಲಿ ಹಾಕಿ ನಾಲ್ಕು ತಿರುವು ಜೋರಾಗಿ ತೆಗೆದುಕೊಂಡರೆ ಬೇರಿಂಗು ಸುಟ್ಟುಹೋಗುತ್ತೆ. ಯಾಕೆ ಹೇಳಿ?"

ಮೂವತ್ತಕ್ಕೂ ಹೆಚ್ಚು ವರ್ಷ ಭೌತಶಾಸ್ತ್ರ ಕಲಿಸಿದ ನಾನು ಬಾಯಿ ತೆರೆದು ಹಾಗೆಯೇ ನಿಂತೆ. ಒಂದು ನಿಮಿಷವಾದರೂ ಆಗಿರಬೇಕು. ಆಮೇಲೆ ನೆನಪಾದದ್ದು ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನವನು. ಕ್ಯಾನು ತುಂಬ ಹಾಲಿದ್ದರೂ ಅವನು ಮೂಲೆಯಲ್ಲಿ ಸೈಕಲ್ಲನ್ನು ವಾಲಿಸಿ ತಿರುಗಿಸಿದಾಗ ಒಂದು ತೊಟ್ಟೂ ತುಳುಕುತ್ತಿರಲಿಲ್ಲ. ಅದೇ ಕ್ಯಾನನ್ನು ವ್ಯಾನಿನಲ್ಲಿಟ್ಟು ಅದೇ ವೇಗದಲ್ಲಿ ತಿರುಗಿಸಿದರೆ ಅರ್ಧ ಹಾಲು ಪಕ್ಕಕ್ಕೆ ಚೆಲ್ಲುತ್ತದೆ. ಬೈಕು ತಿರುವಿನಲ್ಲಿ ವಾಲುವುದರಿಂದ ಗುರುತ್ವವೂ ಹೊರಕ್ಕೆ ಎಸೆಯುವ ಪರಿಣಾಮವೂ ಕೂಡಿದ ಫಲಿತವು ಬೈಕಿನ ತಳದ ಕಡೆಗೇ ಇರುತ್ತದೆ, ಎಣ್ಣೆ ತಳದಲ್ಲಿಯೇ ನಿಲ್ಲುತ್ತದೆ. ಕಾರು ವಾಲುವುದಿಲ್ಲ. ಅಡ್ಡ ವೇಗೋತ್ಕರ್ಷವು ಗುರುತ್ವದಷ್ಟೇ ಆದರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಸ್ಪರ್ಶಕ 45 ಒಂದಲ್ಲವೇ? ಎಣ್ಣೆಯೆಲ್ಲ ಒಂದು ಗೋಡೆಗೆ ಏರಿ, ಪಂಪು ಬರಿಯ ಗಾಳಿಯನ್ನು ಹೀರಿ, ಬೇರಿಂಗುಗಳು ಒಣಗುತ್ತವೆ. ಇದಕ್ಕಾಗಿ ಅವನು ಎಣ್ಣೆಯ ತಟ್ಟೆಯೊಳಗೆ ಅಡ್ಡಗೋಡೆಗಳನ್ನು ಬೆಸೆದು, ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಕದಗಳನ್ನು ಇಟ್ಟಿದ್ದ. ಮೊದಲ ಎಂಜಿನ್ನನ್ನು ಸುಟ್ಟುಕೊಂಡ ಮೇಲೆ ಕಲಿತ ಪಾಠ ಅದು.

ವರ್ತುಲ ಚಲನೆಯನ್ನು ನಾನು ಎಷ್ಟು ತಂಡಗಳಿಗೆ ಕಲಿಸಿದೆ! ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿ ತೋರಿಸುವುದಕ್ಕೂ ಒಮ್ಮೊಮ್ಮೆ ಬೇಸರಪಟ್ಟು ಕಪ್ಪುಹಲಗೆಯಲ್ಲಿಯೇ ಮುಗಿಸಿದ್ದುಂಟು. ಲೂನಾ ಎಂಜಿನ್ ಬಿಚ್ಚಿ ಕುಳಿತಿದ್ದ ಹುಡುಗನ ಮುಂದೆ ನಾನೂ ಕುಳಿತು, ಇದು ಹೀಗೇಕೆ, ಅದು ಹಾಗೇಕೆ ಎಂದು ಕೇಳಿದ್ದರೆ ಇಡೀ ಯಂತ್ರವಿಜ್ಞಾನದ ಅಧ್ಯಾಯ ಆ ಸೈಕಲ್ ಶಾಪಿನಲ್ಲಿಯೇ ಮುಗಿಯುತ್ತಿತ್ತು. ನಾನು ಹೋದದ್ದು ದೂರು ಹೇಳಲು.

ಇದು ನನ್ನೊಬ್ಬನ ತಪ್ಪೇ ಆಗಿದ್ದರೆ ಬರೆಯುತ್ತಿರಲಿಲ್ಲ. ಕೈಕೆಲಸದ ಮೂಲಕವೇ ಕಲಿಕೆಯಾಗಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದರು. 1952-53ರ ಮೊದಲಿಯಾರ್ ಆಯೋಗ ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಬಿ.ಎಡ್. ಪರೀಕ್ಷೆಗೆ ಇವೆರಡನ್ನೂ ಕಂಠಪಾಠ ಮಾಡಿ ಬರೆದು ಅಂಕ ಗಳಿಸಿದವನು ನಾನು. ಆದರೆ ನಾನು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಮರಗೆಲಸದ ಕೊಠಡಿಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿದ್ದರು; ವೃತ್ತಿ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲೇ ಇಲ್ಲ. ಆ ಪಿರಿಯಡ್ಡನ್ನು ಗಣಿತಕ್ಕೆ ಕೇಳಿ ಪಡೆದವರಲ್ಲಿ ನಾನೂ ಒಬ್ಬ. ಇಂಗ್ಲೆಂಡಿನ ಔಂಡಲ್ ಎಂಬ ಊರಿನ ಶಾಲೆಯಲ್ಲಿ 1892ರಿಂದ 1922ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಸ್ಯಾಂಡರ್ಸನ್ ಎಂಬವರು ಹುಡುಗರಿಗಾಗಿ ನಿಜವಾದ ಕಾರ್ಯಾಗಾರಗಳನ್ನೇ ಕಟ್ಟಿಸಿದರು. ಅವರನ್ನು ಕುರಿತು ಎಚ್. ಜಿ. ವೆಲ್ಸ್ ಒಂದು ಪುಸ್ತಕವನ್ನೇ ಬರೆದ. ಅದನ್ನು ಓದಿ ಮೆಚ್ಚಿ, ಟಿಪ್ಪಣಿ ಮಾಡಿಕೊಂಡು, ಬೀರುವಿನಲ್ಲಿಟ್ಟು, ಮರುದಿನ ಹುಡುಗರ ಕೈಗೆ ನೋಟ್ಸು ಬರೆಸಿದವನೂ ನಾನೇ.

ಕಾನೂನಿನ ಮಾತಿಗೆ ಬರುತ್ತೇನೆ, ಏಕೆಂದರೆ ಭಾವನವರ ಎರಡನೆಯ ಪ್ರಶ್ನೆ ಅದೇ ಆಗಿತ್ತು: "ಹೀಗೆ ಮನೆಯಲ್ಲಿ ಮಾಡಿದ್ದನ್ನು ರಸ್ತೆಗೆ ಬಿಡ್ತಾರೆಯೇ?" ಅಲ್ಲಿ ಬಿಡುತ್ತಾರೆ, ಆದರೆ ಸುಮ್ಮನೆ ಬಿಡುವುದಿಲ್ಲ. ಒಂಟಿ ವಾಹನಗಳನ್ನು ಒಂದೊಂದಾಗಿ ಪರೀಕ್ಷಿಸುವ ಪದ್ಧತಿ 1998ರಲ್ಲಿ ಆರಂಭವಾಗಿ, 2009ರಲ್ಲಿ ಇನ್ನೂ ಬಿಗಿಯಾಯಿತು. ಬ್ರೇಕು, ದೀಪ, ಹೊಗೆ, ಶಬ್ದ, ಸೀಟುಬೆಲ್ಟು ಎಲ್ಲವನ್ನೂ ನೋಡುತ್ತಾರೆ. ಹತ್ತು ಸೆಂಟಿಮೀಟರಿನ ಒಂದು ಗೋಳವನ್ನು ಕಾರಿನ ಮೈಮೇಲೆಲ್ಲ ಸರಿಸಿ, ಅದು ತಾಗುವ ಜಾಗದಲ್ಲಿ ಚೂಪಾದ ಅಂಚಿದೆಯೇ ಎಂದು ಪರೀಕ್ಷಿಸುತ್ತಾರೆ. ಪಾದಚಾರಿಗೆ ತಾಗಿದರೆ ಸೀಳಬಾರದಲ್ಲ. 410 ಕಿಲೋಗಿಂತ ಭಾರದ ವಾಹನ ಹಿಂದಕ್ಕೂ ಚಲಿಸುವಂತಿರಬೇಕೆಂಬುದು ಅಲ್ಲಿನ ನಿಯಮ. ಬೈಕಿನ ಗೇರುಪೆಟ್ಟಿಗೆಯಲ್ಲಿ ರಿವರ್ಸ್ ಎಂಬುದೇ ಇಲ್ಲವಾದ್ದರಿಂದ ಅವನು ಶಾಫ್ಟಿಗೆ ಒಂದು ವಿದ್ಯುತ್ ಮೋಟಾರು ಜೋಡಿಸಿದ್ದಾನೆ. ಮೊದಲ ಸಲ ಅವನ ಕಾರು ಅನುತ್ತೀರ್ಣವಾಯಿತು. ಕಾರಣ, ಮುಂದಿನ ಚಕ್ರದ ಬಳಿ ಟೊಪ್ಪಿಯಿಲ್ಲದ ಒಂದು ಬೋಲ್ಟು! ಅವನದನ್ನು ಹೇಳುವಾಗ ನನಗೆ ಸಮಾಜ ವಿಜ್ಞಾನದ ಅಂಕಪಟ್ಟಿ ನೆನಪಾಯಿತು. ಎರಡನೆಯ ಸಲ ಉತ್ತೀರ್ಣ.

ನಮ್ಮಲ್ಲಿ ಹೀಗೆ ಮನೆಯಲ್ಲಿ ಕಟ್ಟಿದವನಿಗೆ ದಾರಿಯೇ ಇಲ್ಲವೆಂದರೆ ತಪ್ಪಾಗದು. ಮಾದರಿಯನ್ನು ಪುಣೆಯ ಎ.ಆರ್.ಎ.ಐ.ಯಂತಹ ಸಂಸ್ಥೆಗೆ ಕೊಟ್ಟು ಪ್ರಮಾಣಪತ್ರ ಪಡೆಯುವ ನಿಯಮವು ಸಾವಿರಾರು ವಾಹನ ತಯಾರಿಸುವ ಕಂಪನಿಗೆ ಹೊಂದುತ್ತದೆ. ಒಂದೇ ಒಂದನ್ನು ಮಾಡುವವನಿಗೆ ಅಲ್ಲ. ಇದ್ದ ವಾಹನವನ್ನು ತಯಾರಕರ ವಿವರಗಳಿಗೆ ಭಿನ್ನವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹೀಗಾಗಿ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೈಕಿನ ಎಂಜಿನ್ನಿನಿಂದ ಒಂಟಿ ಆಸನದ ಸೊಗಸಾದ ಕಾರುಗಳನ್ನು ಕಟ್ಟಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಪಥಗಳಲ್ಲಿ ಸ್ಪರ್ಧಿಸುತ್ತಾರಾದರೂ, ಅವನ್ನು ಬೀದಿಗಿಳಿಸುವಂತಿಲ್ಲ. ಇತ್ತ ಸೌರಾಷ್ಟ್ರದ ಹಳ್ಳಿಗಳಲ್ಲಿ ಬೈಕಿನ ಮೂತಿಗೆ ಗಾಡಿ ಜೋಡಿಸಿದ ಛಕಡಾಗಳು ಜನರನ್ನು ಹೇರಿಕೊಂಡು ಓಡಿದ್ದನ್ನು ದೇಶವೆಲ್ಲ ಬಲ್ಲದು. ಕಾನೂನು ತನ್ನ ಕಣ್ಣೆದುರಿಗೆ ಬಂದು ಪರೀಕ್ಷಿಸಿ ಎನ್ನುವವನಿಗೆ ಬಾಗಿಲು ಹಾಕಿರುವುದು ನನಗೆ ಸರಿಯೆನಿಸದು.

ಆಕ್ಷೇಪಣೆಗಳನ್ನು ನಾನು ಬಲ್ಲೆ. ಅಂಥದೊಂದು ಪರೀಕ್ಷೆ ಇಲ್ಲಿ ಬಂದರೆ ಮರುದಿನವೇ ಕಚೇರಿಯ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಅದಕ್ಕೊಂದು ದರ ನಿಗದಿಯಾದೀತು. ಆದರೆ 2021ರಲ್ಲಿ ಐವತ್ತು ವರ್ಷ ದಾಟಿದ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಟ್ಟು, ನಿತ್ಯದ ಬಳಕೆಗೆ ಅಲ್ಲವೆಂದು ಮಿತಿ ಹಾಕಿದ್ದಾರೆ. ಸ್ವಂತ ಕೈಯಿಂದ ಕಟ್ಟಿದವುಗಳಿಗೂ ಹಾಗೆಯೇ ಬಿಗಿಯಾದ ಮಿತಿಯೊಂದಿಗೆ, ಎರಡು ಮೂರು ಕಡೆ ಮಾತ್ರ ಪರೀಕ್ಷೆಯಿಟ್ಟು ಆರಂಭಿಸಬಹುದು. ವರ್ಷಕ್ಕೆ ಹತ್ತು ಕಾರು ಬಂದರೂ ಸಾಕು.

ಅವನ ಹೆಂಡತಿಯ ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. "ಸರ್, ಅದರಲ್ಲಿ ಗಾಳಿಚೀಲವಿಲ್ಲ, ಬಾಗಿಲಿಲ್ಲ. ಲಾರಿಯ ಪಕ್ಕದಲ್ಲಿ ಹೋದರೆ ಲಾರಿಯವನಿಗೆ ಇವರು ಕಾಣೋದೂ ಇಲ್ಲ. ನೀವು ಹೇಳಿದರೆ ಕೇಳ್ತಾರೆ, ಒಂದು ಮಾತು ಹೇಳಿ" ಎಂದಳು. ಅವಳ ಭಯ ನ್ಯಾಯವಾದದ್ದು. ನಾನು ಹೇಳಿದರೆ ಅವನು ಕೇಳುತ್ತಾನೆಂಬುದೂ ನಿಜ, ಒಮ್ಮೆ ಕೇಳಿದ್ದಾನೆ. ಅದಕ್ಕಾಗಿಯೇ ನಾನು ಹೇಳಲಿಲ್ಲ. "ಭಾನುವಾರ ಬೆಳಗ್ಗೆ ಮಾತ್ರ ತೆಗೆ, ಮಳೆಯಿದ್ದರೆ ಬೇಡ" ಎಂದಷ್ಟೇ ಅವನಿಗೆ ಹೇಳಿದೆ. ಅವಳಿಗೆ ಅದು ಸಾಲಲಿಲ್ಲವೆಂದು ಮುಖದಲ್ಲಿಯೇ ಕಂಡಿತು.

ಆ ಸಂಜೆ ನನ್ನನ್ನು ಕೂರಿಸಿಕೊಂಡು ಹಳ್ಳಿಯ ದಾರಿಯಲ್ಲಿ ನಾಲ್ಕು ಮೈಲಿ ಹೋಗಿಬಂದ. ನೆಲ ಒಂದು ಗೇಣು ಕೆಳಗೆ ಓಡುತ್ತಿತ್ತು. ಮಾತನಾಡುವಂತಿರಲಿಲ್ಲ, ಅಷ್ಟು ಸದ್ದು. ಮನೆಯ ಮುಂದೆ ನಿಂತಾಗ ಮಂಡಿನೋವಿನಿಂದ ನನ್ನನ್ನು ಅವನೂ ಅವನ ಮಗನೂ ಹಿಡಿದು ಮೇಲೆತ್ತಬೇಕಾಯಿತು. ಕಾರನ್ನು ಹಿಮ್ಮುಖವಾಗಿ ಗ್ಯಾರೇಜಿಗೆ ಸೇರಿಸಲು ಗುಂಡಿ ಒತ್ತಿದ. ರಿವರ್ಸ್ ಮೋಟಾರು ಒಮ್ಮೆ ಗೊರಕ್ಕೆಂದು ನಿಂತುಬಿಟ್ಟಿತು. ಫ್ಯೂಸು ಹೋಗಿತ್ತು. "ತಳ್ಳೋಣ ಬಿಡಿ ಸರ್, ನೀವು ಪಕ್ಕಕ್ಕೆ ನಿಲ್ಲಿ" ಎಂದ. ನಾನು ನಿಲ್ಲಲಿಲ್ಲ. ಮೂವರೂ ಸೇರಿ ತಳ್ಳಿದೆವು. ಒಳಗೆ ಹೋದ ಮೇಲೆ ನೋಡಿದರೆ ನನ್ನ ಬಲಗೈಗೆಲ್ಲ ಕಪ್ಪು ಗ್ರೀಸು. ಹುಡುಗ ಸೀಮೆಎಣ್ಣೆಯಂತಹ ಏನನ್ನೋ ಬಟ್ಟೆಗೆ ಹಾಕಿ ತಂದುಕೊಟ್ಟ.