ಇಂಟರ್‌ವಲ್ಲಿನಲ್ಲಿ ಬಂದ ಫೋನು

ಈ ವಾರ ಯಾವ ನಟಿಯ ಮನೆಗೂ ಹೋಗಿಲ್ಲ, ಯಾವ ಹೀರೋ ಜೊತೆಗೂ ಕಾಫಿ ಕುಡಿದಿಲ್ಲ. "ಮತ್ತೇನಪ್ಪಾ ಬರೀತೀಯ?" ಅಂತೀರಾ? ನನ್ನ ಮಗಳ ಬಗ್ಗೆ ಬರೀತೀನಿ. ಬೇಡ ಅನ್ನೋರು ಪುಟ ತಿರುವಿ, ಮುಂದೆ ಬಣ್ಣದ ಫೋಟೋಗಳಿವೆ. ಆದರೆ ಮದುವೆಯಾಗಿ ಮನೇಲಿ ಕೂಸಿರೋರು, ಅಕ್ಕನ ಕೂಸು ತವರಿಗೆ ಬಂದಿದೆ ಅನ್ನೋ ಸೋದರಮಾವಂದಿರು, ಬಸ್ಸು ಬರೋವರೆಗಾದರೂ ಓದಿ.

ಡಿಸೆಂಬರಿನ ಕೊನೇ ವಾರ ಅಂದರೆ ನಮ್ಮಂಥ ಸಿನಿಮಾ ಹುಚ್ಚರಿಗೆ ಜಾತ್ರೆ ಇದ್ದ ಹಾಗೆ. 'ನಾಗರಹಾವು' ಬಂದದ್ದು 1972ರ ಡಿಸೆಂಬರ್ 29ಕ್ಕೆ. 'ಮುಂಗಾರು ಮಳೆ' 2006ರ ಅದೇ 29ಕ್ಕೆ. 'ಕಿರಿಕ್ ಪಾರ್ಟಿ' 2016ರ 30ಕ್ಕೆ, 'ಕಾಟೇರ' 2023ರ 29ಕ್ಕೆ. 2024ರಲ್ಲಿ ಕ್ರಿಸ್‌ಮಸ್ ದಿನ, ಬುಧವಾರ, ಸುದೀಪರ 'ಮ್ಯಾಕ್ಸ್'. ನಾನು ಹೇಳ್ತಿರೋದು ಆ ಬುಧವಾರದ ಕಥೆ.

ಎಳ್ಳ ಅಮಾವಾಸ್ಯೆ ಹತ್ತಿರ ಇತ್ತು. ಹೆಂಡತಿ, ಆರು ತಿಂಗಳ ಕೂಸು, ನಾನು ಮೂವರೂ ಹುಲಿಹೈದರಕ್ಕೆ ಹೋಗಿದ್ವಿ, ಅವಳ ತವರು. ತುಂಗಭದ್ರೆಯ ಎಡದಂಡೆ ಕಾಲುವೆ ನೀರೆಲ್ಲ ಗಂಗಾವತಿ ಕಡೆ ಭತ್ತಕ್ಕೆ. ನಮ್ಮ ಮಾವನ ಹೊಲ ಮಳೆಯನ್ನೇ ನಂಬಿದ್ದು, ಜೋಳ, ತೊಗರಿ, ಸಜ್ಜೆ. ಆ ವರ್ಷ ತೊಗರಿ ಚೆನ್ನಾಗಿ ಕಾಯಿ ಹಿಡಿದಿತ್ತು, ಮಾವನ ಮುಖದಲ್ಲೂ ಗೆಲುವು. ಕಾಲೇಜಿಗೆ ರಜೆ ಅಂತ ಹೆಂಡತಿಯ ತಮ್ಮ ಬಂದಿದ್ದ. ಒಟ್ಟಿನಲ್ಲಿ ಮನೆ ತುಂಬಾ ಜನ.

ಆ ಮನೇಲಿ ಹೀರೋ ಅಂದರೆ ನನ್ನ ಮಗಳೇ. ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದ ಕೂಡಲೇ ಅತ್ತೆ ಮಣೆ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕೋರು. ಆಮೇಲೆ ಹದವಾದ ಬಿಸಿನೀರು. ಅಳು ಮೂರು ಮನೆ ಆಚೆಗೆ ಕೇಳೋದು. ಎರೆದಾದ ಮೇಲೆ ಕುಂಚಿಗಿ ಕಟ್ಟಿ, ಲೋಬಾನದ ಹೊಗೆ ಹಾಕಿ, ಹಳೇ ಸೀರೆಗಳ ಕೌದಿಯಲ್ಲಿ ಸುತ್ತಿ ಜೋಳಿಗೆಗೆ ಹಾಕಿದರೆ ಹನ್ನೊಂದರವರೆಗೆ ಉಸಿರಿಲ್ಲ. ಆಮೇಲೆ ಶುರು! ಬಾಲನಟರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು ಅಂತ 2017ರ ನಿಯಮ ಇದೆ. ಬಾಲನಟಿಯ ಅಪ್ಪನಿಗೆ ಯಾವ ನಿಯಮಾನೂ ಇಲ್ಲ ಸ್ವಾಮೀ, ರಾತ್ರಿ ಎರಡು ಗಂಟೆಗೂ ಕಾಲ್‌ಶೀಟು.

ಮಾವ ಕೂಸನ್ನು ಎತ್ತಿಕೊಂಡು, "ಪುನೀತ ಮೊದಲನೇ ಸಲ ಪಿಚ್ಚರ್‌ನಾಗ ಬಂದಾಗ ಇಷ್ಟ ಇದ್ದ ನೋಡ್ರಿ" ಅಂದರು. 1976ರ 'ಪ್ರೇಮದ ಕಾಣಿಕೆ'. ಪುನೀತ್ ಹುಟ್ಟಿದ್ದು 1975ರ ಮಾರ್ಚಿನಲ್ಲಿ, ಕ್ಯಾಮೆರಾ ಮುಂದೆ ಬಂದಾಗ ಆರು ತಿಂಗಳ ಕೂಸು. ಮಾವ ಆ ಚಿತ್ರವನ್ನು ಟೆಂಟಿನಲ್ಲಿ ನೋಡಿದ್ದಂತೆ. "ಈಗ ಅವನೂ ಇಲ್ಲ" ಅಂದು ಸುಮ್ಮನಾದರು. 2021ರ ಅಕ್ಟೋಬರ್ 29 ಆ ಊರಿನಲ್ಲೂ ಯಾರೂ ಮರೆತಿಲ್ಲ.

ಮಂಗಳವಾರ ಕೂಸಿಗೆ ನೆಗಡಿ. ಮೂಗು ಕಟ್ಟಿ ಗೊರಗೊರ ಅನ್ನೋದು. ಥಂಡಿಗಾಲ, ಆಗೋದೇ ಅಂದುಕೊಂಡ್ವಿ. ಬುಧವಾರ ಬೆಳಿಗ್ಗೆ ಮೈ ಸ್ವಲ್ಪ ಬಿಸಿ ಇತ್ತು. ಹೆಂಡತಿ ಏನೂ ಅನ್ನಲಿಲ್ಲ, ನನ್ನ ಮುಖ ಮಾತ್ರ ನೋಡಿದಳು. ಅಷ್ಟರಲ್ಲಿ ಅವಳ ತಮ್ಮ ಬೈಕ್ ಹೊರಗೆ ತೆಗೆದು ನಿಂತಿದ್ದ. "ಮಾಮಾ, ಮೊದಲನೇ ದಿನ ಬಿಟ್ಟು ಆಮ್ಯಾಲ ನೋಡಿದ್ದು ಲೆಕ್ಕಕ್ಕಿಲ್ರಿ!" ನನಗೂ ಪತ್ರಿಕೆಗೆ ವಿಮರ್ಶೆ ಕಳಿಸೋದಿತ್ತು. ಕೆಲಸ ಅನ್ನೋದು ಒಳ್ಳೇ ನೆಪ ನೋಡಿ, ಯಾರೂ ಎದುರು ಮಾತಾಡೋಲ್ಲ. ಹೋದ್ವಿ, ಕನಕಗಿರಿ ದಾಟಿ ಗಂಗಾವತಿಗೆ.

ಟಾಕೀಸಿನಲ್ಲಿ ಶಿಳ್ಳೆ, ಹೂವು, ಎಲ್ಲ ಇತ್ತು. ಗೊತ್ತಿರೋರಿಗೆ ಗೊತ್ತು, ಆ ಚಿತ್ರದ ಕಥೆ ಎಲ್ಲಾ ಒಂದೇ ರಾತ್ರಿಯದು. ಅಮಾನತಿನಲ್ಲಿದ್ದ ಇನ್‌ಸ್ಪೆಕ್ಟರ್, ಒಂದು ಠಾಣೆ, ಬೆಳಗಾಗೋದರೊಳಗೆ ಎಲ್ಲರನ್ನೂ ಉಳಿಸಬೇಕು. ಇಂಟರ್‌ವಲ್ ಬಿಟ್ಟಾಗ ಮನೆಯಿಂದ ಫೋನು.

"ಕೂಸು ಹಾಲು ಕುಡೀವಲ್ದುರೀ."

"ಮೂಗು ಕಟ್ಟೈತಲ್ಲ, ಅದಕ್ಕ. ಪಿಚ್ಚರ್ ಬಿಟ್ಟ ಕೂಡಲೇ ಬರ್ತೀನಿ" ಅಂದೆ.

ಕೂತೆ. ಸೆಕೆಂಡ್ ಹಾಫ್ ಪೂರ್ತಿ ಕೂತೆ. ಮೇಲಿಂದ ಮಿರ್ಚಿ ಮಂಡಕ್ಕಿ ತಿಂದು, ಮೂರು ಮಂದಿ ಅಭಿಮಾನಿಗಳ ಅಭಿಪ್ರಾಯ ಬರಕೊಂಡು ಹುಲಿಹೈದರ ಮುಟ್ಟಿದಾಗ ಕತ್ತಲಾಗಿತ್ತು. ಇದನ್ನು ಬರೆಯೋವಾಗ ಈಗಲೂ ಕೈ ಹಿಂದೆಗೆಯುತ್ತೆ, ಆದರೂ ಇದನ್ನು ಬಿಟ್ಟು ಉಳಿದದ್ದು ಬರೆದರೆ ಸುಳ್ಳಾಗುತ್ತೆ.

ಒಳಕೋಣೆಯಲ್ಲಿ ಕಿಟಕಿಗೆ ಗೋಣಿಚೀಲ ತುರುಕಿದ್ದರು, ಗಾಳಿ ಬರಬಾರದು ಅಂತ. ಮೂಲೆಯಲ್ಲಿ ಅಗ್ಗಿಷ್ಟಿಗಿ, ಕುಳ್ಳಿನ ಕೆಂಡ, ಅದರ ಮೇಲೆ ಲೋಬಾನ. ನನಗೇ ಕಣ್ಣಲ್ಲಿ ನೀರು ಬಂತು. ಹೆಂಡತಿ ತೊಡೆ ಮೇಲೆ ಕೂಸು. ಅಳೋದಿಲ್ಲ, ನಗೋದಿಲ್ಲ. ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚೋದು. ಪಕ್ಕದ ಮನೆ ಆಯಿ ಬಂದು ಕೂತಿದ್ದಳು. ಆ ಕೇರಿಯಲ್ಲಿ ಎಷ್ಟೋ ಕೂಸುಗಳನ್ನು ಎರೆದು ಬೆಳೆಸಿದ ಕೈ ಅವಳದು.

"ಊದಿನಕಡ್ಡಿಲೆ ಹೊಟ್ಟಿಮ್ಯಾಲ ನಾಕ ಚುಕ್ಕಿ ಬರಿ ಕೊಡ್ರಿ. ಮುಂಜಾನಿ ಅನ್ನೂದ್ರಾಗ ಆಡತೈತಿ" ಅಂದಳು ಆಯಿ.

ಅತ್ತೆ ನನ್ನ ಕಡೆ ನೋಡಿದರು. "ಬ್ಯಾಡ" ಅಂದೆ.

"ಯಾಕ್ರೀ ಅಳಿಯಾರ? ನಿಮಗ ಹಾಕಿಲ್ಲೇನು? ಬದುಕಿಲ್ಲೇನು ನೀವು?"

ಆಯಿ ಹೇಳಿದ್ದು ಸುಳ್ಳಲ್ಲ. ನನ್ನ ಹೊಟ್ಟೆ ಮೇಲೂ ಇವೆ, ಹೊಕ್ಕುಳ ಸುತ್ತ, ಕಡಲೆಕಾಳಿನಷ್ಟು ಬಿಳೀ ಕಲೆಗಳು. ಕೂಸಿದ್ದಾಗ ಹಾಕಿಸಿದ್ದು. ನಮ್ಮ ಕಡೆ ಬನಿಯನ್ ತೆಗೆದರೆ ಹತ್ತರಲ್ಲಿ ಇಬ್ಬರು ಮೂವರು ತೋರಿಸ್ತಾರೆ. ಬರೆಯಿಂದಲೇ ನಾನು ಉಳಿದೆ ಅಂತ ನಮ್ಮವ್ವ ಇವತ್ತಿಗೂ ಹೇಳ್ತಾಳೆ. ಅದಕ್ಕೆ ಏನು ಉತ್ತರ ಕೊಡೋದು? ನನಗೆ ಬಾಯಿ ಬರಲಿಲ್ಲ.

ಬಾಯಿ ಬಂದದ್ದು ಹೆಂಡತಿಗೆ. "ಉಳದಾರು ಹೊಟ್ಟಿ ತೋರಸ್ತಾರ, ಆಯಿ. ಉಳೀಲಾರದ್ವು ಬಂದು ತೋರಸ್ತಾವೇನು?"

ಆಯಿ ಸುಮ್ಮನಾದಳು. ಹೆಂಡತಿ ಕೂಸಿನ ಅಂಗಿ ಮೇಲಕ್ಕೆ ಸರಿಸಿ, "ನಿಮ್ ಫೋನ್‌ನಾಗ ಒಂದ್ ನಿಮಿಷ ಇಡ್ರಿ. ಎಣಸ್ರಿ" ಅಂದಳು. ಆಶಾ ಅಕ್ಕ ಮನೆಗೆ ಬಂದಾಗ ಹೇಳಿಕೊಟ್ಟಿದ್ದಂತೆ. ನನಗೆ ಗೊತ್ತೇ ಇರಲಿಲ್ಲ. ಅಂಥಾ ಹೊತ್ತಿನಲ್ಲಿ ಗಂಡಸರು ಕಟ್ಟೆ ಮೇಲೆ ಇರ್ತೀವಿ ನೋಡಿ!

ಎಣಿಸಿದೆ. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು. ಮೊದಲನೇ ಸಲ ಐವತ್ತೆಂಟು. ತಪ್ಪಿರಬೇಕು ಅಂತ ಇನ್ನೊಂದು ಸಲ. ಅರವತ್ತೆರಡು. ಪಕ್ಕೆಲುಬಿನ ಕೆಳಗಿನ ಜಾಗ ಪ್ರತಿ ಉಸಿರಿಗೂ ಗುಣಿ ಬಿದ್ದಂಗೆ ಒಳಕ್ಕೆ ಹೋಗ್ತಿತ್ತು.

ಲೆಕ್ಕ ಹೀಗಿದೆ, ಬರಕೊಳ್ಳಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ ಅರವತ್ತು ಉಸಿರು, ಎರಡು ತಿಂಗಳಿಂದ ಒಂದು ವರ್ಷದವರೆಗೆ ಐವತ್ತು, ಒಂದರಿಂದ ಐದು ವರ್ಷದವರೆಗೆ ನಲವತ್ತು. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ನ್ಯುಮೋನಿಯಾ ಇರಬಹುದು ಅಂತ ದವಾಖಾನೆಗೆ ಓಡಬೇಕು. ಕೂಸು ಅಳದೆ ಸುಮ್ಮನಿದ್ದಾಗ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಜಾಣತನ ಬೇಡ, ಕೂಸಿನ ಉಸಿರು ಒಂದೇ ಲಯದಲ್ಲಿ ಇರೋದಿಲ್ಲ. ಇನ್ನು ಎದೆಯ ಕೆಳಭಾಗ ಒಳಗೆ ಎಳೆದುಕೊಳ್ತಿದ್ದರೆ, ಹಾಲು ಕುಡಿಯೋದೇ ಬಿಟ್ಟರೆ, ಕುಡಿದದ್ದೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಲೇಬೇಡಿ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ಡಾಕ್ಟರಿಕೆ ಮಾಡ್ತಿಲ್ಲ. ಆಶಾ ಅಕ್ಕ ಹೇಳಿದ್ದು, ಆಮೇಲೆ ಡಾಕ್ಟರು ಹೇಳಿದ್ದು, ಅಷ್ಟೇ. ಹಾಲು ಕುಡೀವಲ್ದು ಅನ್ನೋ ಮಾತು ನನಗೆ ಇಂಟರ್‌ವಲ್ಲಿನಲ್ಲೇ ಬಂದಿತ್ತಲ್ಲ!

108ಕ್ಕೆ ಫೋನು ಹಚ್ಚಿದೆ. ಮಾವ ಅಗ್ಗಿಷ್ಟಿಗಿ ಎತ್ತಿ ಅಂಗಳಕ್ಕೆ ಒಯ್ದು ಇಟ್ಟರು, ಭಾವಮೈದುನ ಗೋಣಿಚೀಲ ಕಿತ್ತು ಒಗೆದ. ಗಾಡಿ ಬಂತು. ಅದರಲ್ಲಿದ್ದ ಹುಡುಗ ಮುಖಕ್ಕೆ ಆಕ್ಸಿಜನ್ ಹಿಡಿದು, ತಾನೂ ಒಂದು ನಿಮಿಷ ಎಣಿಸಿದ. ಅರವತ್ತನಾಲ್ಕು. ಹೆಂಡತಿ ಕೌದಿಯಲ್ಲಿ ಕೂಸನ್ನು ನೆಟ್ಟಗೆ ಎತ್ತಿ ಹಿಡಿದು ಕೂತಿದ್ದಳು. ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರೆ. ಆ ರಾತ್ರಿ ಕನಕಗಿರಿ ಯಾವಾಗ ಬಂತು, ಯಾವಾಗ ಹೋಯಿತು ನನಗೆ ಗೊತ್ತಿಲ್ಲ.

ಗಂಗಾವತಿಯಲ್ಲಿ ಡಾಕ್ಟರು, ನನ್ನಷ್ಟೇ ವಯಸ್ಸಿನವರು, ಮೊದಲು ಮಾಡಿದ್ದೇನು ಗೊತ್ತೇ? ಅಂಗಿ ಎತ್ತಿ ಹೊಟ್ಟೆ ನೋಡಿದರು. "ಬರೆ ಹಾಕಿಲ್ಲ ತಾನೇ?" ಇಲ್ಲ ಅಂದ್ವಿ. "ಪುಣ್ಯ" ಅಂದು ಸ್ಟೆತಸ್ಕೋಪು ಇಟ್ಟರು. ಆಮೇಲೆ ಬಿಡಿಸಿ ಹೇಳಿದರು. ಬರೆ ಹಾಕಿದರೆ ಕೂಸು ನೋವಿಗೆ ಕಿರುಚಿ ಕಿರುಚಿ ಸುಸ್ತಾಗಿ ಮಲಗುತ್ತೆ, ಮನೆಯವರು ಆರಾಮಾಯಿತು ಅಂದುಕೊಳ್ತಾರೆ. ಒಂದು ದಿನ ಕಾಯ್ತಾರೆ, ಎರಡು ದಿನ ಕಾಯ್ತಾರೆ. ಅಷ್ಟರಲ್ಲಿ ಎದೆಯ ರೋಗ ಹೆಚ್ಚಾಗಿರುತ್ತೆ, ಸುಟ್ಟ ಗಾಯದ ನಂಜು ಬೇರೆ. ಹೊಗೆ ವಿಚಾರ ಕೇಳಿದ್ದಕ್ಕೆ ಅತ್ತೆ ತಲೆ ಬಗ್ಗಿಸಿದರು. "ಬೆಚ್ಚಗಿಡಬೇಕ್ರೀ ಅಮ್ಮಾ, ಅದು ಖರೇನೇ. ಕೌದಿ ಹೊದಿಸ್ರಿ, ಮೈಗೆ ಮೈ ಹಚ್ಚಿ ಹಿಡೀರಿ. ಮುಚ್ಚಿದ ಕೋಣ್ಯಾಗ ಕೆಂಡ ಹೊಗಿ ಬ್ಯಾಡ" ಅಂದರು. ತಾಯಿ ಕಾರ್ಡು ಕೇಳಿದರು. ಗಡಿಬಿಡಿಯಲ್ಲಿ ನಾನು ಪರ್ಸು ಸಹ ಮರೆತಿದ್ದೆ, ಹೆಂಡತಿ ಕಾರ್ಡನ್ನು ಕೌದಿ ಮಡಿಕೆಯಲ್ಲೇ ಇಟ್ಟು ತಂದಿದ್ದಳು. ಚುಚ್ಚುಮದ್ದು ಎಲ್ಲಾ ಆಗಿದ್ದವು. ಡಾಕ್ಟರು ಕಾರ್ಡು ಮುಚ್ಚಿ, "ಒಳ್ಳೇ ಕೆಲಸ ಮಾಡೀರಿ" ಅಂತ ಅವಳಿಗೆ ಹೇಳಿದರು, ನನಗಲ್ಲ.

ಐದು ದಿನ ವಾರ್ಡು. ಪುಟ್ಟ ಕೈಗೆ ಸೂಜಿ, ಮೂಗಿಗೆ ನಳಿಗೆ. ಶುಕ್ರವಾರ 27ಕ್ಕೆ ಮಾಜಿ ಪ್ರಧಾನಿ ಮನಮೋಹನ ಸಿಂಗರು ತೀರಿಕೊಂಡದ್ದಕ್ಕೆ ರಾಜ್ಯಕ್ಕೆಲ್ಲಾ ರಜೆ, ಹೊರಗೆ ಬೀದಿ ತಣ್ಣಗಿತ್ತು. ಆ ರಾತ್ರಿ ಕೂಸು ಮೊದಲನೇ ಸಲ ಹೊಟ್ಟೆ ತುಂಬಾ ಹಾಲು ಕುಡಿದು ಮಲಗಿತು. ಹೆಂಡತಿಗೂ ನಿದ್ದೆ ಹತ್ತಿತ್ತು. ಅತ್ತೆ ಕೆಳಗೆ ಚಾಪೆ ಮೇಲೆ ಕೂತಿದ್ದರು.

"ಅಳಿಯಾರ, ನಿಮ್ ಹೆಂಡ್ತಿಕಿಂತ ಮೊದಲ ಒಂದ್ ಗಂಡಕೂಸ ಇತ್ರಿ ನನಗ. ಹಿಂಗ ಥಂಡಿ ದಿನದಾಗ. ಹಿಂಗ ಹೊಟ್ಟಿ ಎಳಕೊಂತಿತ್ತು."

ನಾನು ಸುಮ್ಮನೆ ಕೇಳ್ತಿದ್ದೆ.

"ಅದಕ್ಕ ಬರಿ ಹಾಕಿದ್ವಿರೀ."

ಮುಂದೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ತರ್ತೀನಿ ಅಂತ ಹೊರಗೆ ಎದ್ದು ಹೋದೆ. ಆ ಹೊತ್ತಿನಲ್ಲಿ ಒಂದು ಅಂಗಡಿನೂ ತೆರೆದಿರಲಿಲ್ಲ.

ಸೋಮವಾರ 30ಕ್ಕೆ ಬಿಟ್ಟರು, ಎಳ್ಳ ಅಮಾವಾಸ್ಯೆ ದಿನವೇ. ಮಾವ ಮುಂಜಾನೆಯೇ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಬಂದಿದ್ದರು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಕಾದಿದ್ದವು. ಅಗ್ಗಿಷ್ಟಿಗಿ ಅಂಗಳದಲ್ಲಿ ಇಟ್ಟ ಕಡೆಯೇ ಇತ್ತು. ಸಂಪಾದಕರು ಫೋನು ಮಾಡಿ, "ಏನಯ್ಯಾ, ವಿಮರ್ಶೆ ಎಲ್ಲಿ?" ಅಂದರು. ಇಂಟರ್‌ವಲ್ ತನಕ ಚೆನ್ನಾಗಿದೆ ಸಾರ್, ಆಮೇಲಿನದು ನೆನಪಿಲ್ಲ ಅಂದೆ. ಬೈದರು. ಬೈಯಲಿ ಬಿಡಿ.

ಒಂದು ಮಾತು. ನಮ್ಮ ಚಿತ್ರಗಳಲ್ಲಿ ಕೂಸು ಹುಟ್ಟುತ್ತೆ, ತೊಟ್ಟಿಲಲ್ಲಿ ಒಂದು ಹಾಡು, ಹಾಡು ಮುಗಿಯೋದರೊಳಗೆ ಹೀರೋ ಮೀಸೆ ಹೊತ್ತು ಬರ್ತಾನೆ. ನಡುವಿನ ರಾತ್ರಿಗಳನ್ನೆಲ್ಲ ಎಡಿಟರ್ ಕತ್ತರಿಸಿರ್ತಾನೆ. ಯಾರಾದರೂ ಒಬ್ಬ ನಿರ್ದೇಶಕ ಆ ಕತ್ತರಿಸಿದ ಭಾಗವನ್ನೇ ಚಿತ್ರ ಮಾಡಿದರೆ ಮೊದಲನೇ ಟಿಕೆಟ್ಟು ನನ್ನದು.

ಈಗ ಮಗಳು ನಡೀತಾಳೆ, ಓಡ್ತಾಳೆ, ಅಜ್ಜನ ಚಪ್ಪಲಿ ಹೊತ್ತೊಯ್ದು ಬಚ್ಚಿಡ್ತಾಳೆ. ಮೊನ್ನೆ ಹುಲಿಹೈದರಕ್ಕೆ ಹೋದಾಗ ಪಕ್ಕದ ಮನೆ ಆಯಿ ಬಂದಳು. ಮೊಮ್ಮಗಳಿಗೆ ಕೂಸಾಗಿ ಮೂರು ತಿಂಗಳು. ಸುತ್ತೂ ಬಳಸಿ ಮಾತಾಡಿ ಕೊನೆಗೆ ನನ್ನ ಹೆಂಡತಿಯನ್ನು ಕೇಳಿದಳು. "ಅದೇನೋ ಎಣಸ್ತೀರಲ್ಲವ್ವಾ, ನನಗ ಇಪ್ಪತ್ತರ ಮ್ಯಾಲ ತಪ್ಪತೈತಿ."

ಹೆಂಡತಿ ಒಳಗಿಂದ ತೊಗರಿಕಾಳು ತಂದು, ಐವತ್ತು ಎಣಿಸಿ ಆಯಿಯ ಸೆರಗಿನ ತುದಿಗೆ ಗಂಟು ಹಾಕಿದಳು. ಒಂದು ಉಸಿರಿಗೆ ಒಂದು ಕಾಳು ತಟ್ಟೆಗೆ ಹಾಕಬೇಕು. ಫೋನಿನಲ್ಲಿ ನಿಮಿಷ ಇಟ್ಟು ಕೂಡಬೇಕು ಮೊಮ್ಮಗಳು. ಫೋನು ಬಡಿಯೋದರೊಳಗೆ ಕಾಳು ತೀರಿದರೆ 108.

"ಕಾಳು ಕಳದ್ರ?" ಅಂದಳು ಆಯಿ.

"ನಮ್ ಮನ್ಯಾಗ ಇನ್ನೂ ಎರಡ ಚೀಲ ಅದಾವ ಬಾ" ಅಂದರು ಅತ್ತೆ.