ಕುರಿಂಜಿಗೆ ಕಾನೂನಿನ ಕಾವಲು, ಹುಲ್ಲುಗಾವಲಿಗೆ?

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ಜನಸಾಗರವೇ ಗಿರಿಯತ್ತ ಹರಿಯಿತು. ಹೂ ಕೀಳಬೇಡಿರೆಂಬ ಮನವಿಗಳೂ ಕೇಳಿಬಂದವು. ಹೂ ಉದುರಿದೊಡನೆ ಆ ಕಾಳಜಿಯೂ ತಣ್ಣಗಾಯಿತು. ಆದರೆ ಕುರಿಂಜಿಯ ಅಳಿವು-ಉಳಿವು ತೀರ್ಮಾನವಾಗುವುದು ಹೂವಿಲ್ಲದ ವರ್ಷಗಳಲ್ಲಿಯೇ ಎಂಬುದು ಗಮನಾರ್ಹ.

ನೀಲಕುರಿಂಜಿಯು ಪಶ್ಚಿಮ ಘಟ್ಟಗಳ ಎತ್ತರದಲ್ಲಿ, ಶೋಲಾ ಕಾಡುಗಳ ನಡುವಣ ಹುಲ್ಲುಗಾವಲಿನಲ್ಲಿ ಬೆಳೆಯುವ ಪೊದೆಗಿಡ. 12 ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮುಂದಿನ ಪೀಳಿಗೆಗೆ ಆ ಬೀಜಗಳೇ ಆಧಾರ. ಈ ನಡುವೆ ರಸ್ತೆ ಅಗಲವಾಗಿ, ರೆಸಾರ್ಟ್ ಎದ್ದು ಸಸಿಗಳು ನಾಶವಾದರೆ, ನಷ್ಟವು ಜನರ ಕಣ್ಣಿಗೆ ಬೀಳುವುದು ಮುಂದಿನ ಹೂವಿನ ಕಾಲಕ್ಕೆ. ಅಷ್ಟರಲ್ಲಿ ಸರಿಪಡಿಸುವ ಅವಕಾಶ ಕೈತಪ್ಪಿರುತ್ತದೆ.

ಕಾನೂನಿಲ್ಲವೆಂದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಮೂಲಕ ನೀಲಕುರಿಂಜಿಯು ಮೂರನೆಯ ಅನುಸೂಚಿಗೆ ಸೇರಿದೆ. 2024ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯೂ ಅದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಿತು. ಆದರೆ ಗಿಡ ಕೀಳುವುದನ್ನು, ನಾಶಪಡಿಸುವುದನ್ನು ನಿಷೇಧಿಸುವ ಕಲಮು ಅನ್ವಯಿಸುವುದು ಅರಣ್ಯ ಭೂಮಿ ಹಾಗೂ ಅಧಿಸೂಚಿತ ಪ್ರದೇಶಗಳಿಗೆ ಮಾತ್ರ. ಕಂದಾಯ ದಾಖಲೆಗಳಲ್ಲಿ ಗೋಮಾಳವೆಂದೋ ಹುಲ್ಲುಬನ್ನಿಯೆಂದೋ ಉಳಿದಿರುವ ಗುಡ್ಡಗಳಿಗೆ ಆ ರಕ್ಷಣೆ ತಾನಾಗಿ ಒದಗದು. ನೆರೆಯ ಕೇರಳವು 2006ರಲ್ಲಿಯೇ ಮುನ್ನಾರ್ ಬಳಿ ಕುರಿಂಜಿಮಲ ಅಭಯಾರಣ್ಯವನ್ನು ಘೋಷಿಸಿ, ಗಿಡದೊಂದಿಗೆ ನೆಲವನ್ನೂ ರಕ್ಷಣೆಗೆ ಒಳಪಡಿಸಿತು.

ಮರವಿಲ್ಲದ ನೆಲವೆಲ್ಲ ಬರಡು ಎಂಬ ತಪ್ಪು ತಿಳಿವಳಿಕೆಯ ಫಲವನ್ನು ಕಾಣಲು ಮಲೆನಾಡಿಗೇ ಹೋಗಬೇಕಿಲ್ಲ. ಹಾವೇರಿ ಜಿಲ್ಲೆಯ ದೇವರಗುಡ್ಡಕ್ಕೆ ಸಮೀಪದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಸ್ಥಾಪನೆಯಾಯಿತು. ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ನೆಲೆಸಿದ್ದ ಈ ಬಯಲಿನ ದೊಡ್ಡ ಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಬಯಲನ್ನೇ ನಂಬಿದ ಜೀವಿಗಳಿಗೆ ಮರ ನೆಡುವುದೂ ಉಪಕಾರವಲ್ಲ. ಗಿರಿಯ ಹುಲ್ಲುಗಾವಲಿಗೂ ಇದೇ ಮಾತು ಸಲ್ಲುತ್ತದೆ.

ಮುಳ್ಳಯ್ಯನಗಿರಿ ಭಾಗಕ್ಕೆ ತೆರಳುವ ವಾಹನಗಳಿಗೆ 2025ರಲ್ಲಿ ಮುಂಗಡ ನೋಂದಣಿ ಜಾರಿಗೆ ಬಂದದ್ದು ಸ್ವಾಗತಾರ್ಹ. ಆದರೆ ಅದು ದಟ್ಟಣೆಗೆ ಮದ್ದೇ ಹೊರತು ನೆಲದ ರಕ್ಷಣೆಯಲ್ಲ. ಕುರಿಂಜಿಯ ತಾಣಗಳನ್ನು ಗುರುತಿಸಿ ನಕ್ಷೆ ಮಾಡಬೇಕು. ಅರಣ್ಯ ಮತ್ತು ಕಂದಾಯ ಇಲಾಖೆಗಳು ಜಂಟಿ ಸರ್ವೆ ನಡೆಸಿ, ಸ್ಥಳೀಯರನ್ನು ವಿಶ್ವಾಸಕ್ಕೆ ತೆಗೆದುಕೊಂಡು ಅಧಿಸೂಚನೆ ಹೊರಡಿಸಬೇಕು. 12 ವರ್ಷಗಳ ಲೆಕ್ಕ ತಪ್ಪದಿದ್ದರೆ ಚಂದ್ರದ್ರೋಣದಲ್ಲಿ ಮತ್ತೆ ಹೂವಿನ ಸುಗ್ಗಿ 2034ಕ್ಕೆ. ಆಗ ಅರಳಬೇಕಾದ ಗಿಡಗಳು ಈಗ ಹುಲ್ಲಿನ ನಡುವೆ, ಯಾರ ಗಮನವೂ ಇಲ್ಲದೆ ಬೆಳೆಯುತ್ತಿವೆ.