ಗಾಳ ಹಾಕುವವರ ಮಾತು ನಂಬಬೇಕೇ?

ಕೆರೆಯಲ್ಲಿ ಗಾಳ ಹಾಕುವವರ ಮಾತು ನಂಬಬಾರದು ಅಂತ ನಮ್ಮ ತರಗತಿಯಲ್ಲಿ ಹಲವರು ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ.

ದಸರಾ ರಜೆಯಲ್ಲಿ ಕೊರವ ಮೀನು ಹಿಡಿಯಲು ಕೆರೆಗೆ ಹೋಗಿದ್ದೆ. ದಿನಾ ಗಾಳ ಹಾಕುವ ಅಜ್ಜ ಒಬ್ಬರು, "ತೂಬಿನ ಹತ್ರ ಹೋಗು, ಅಲ್ಲಿ ಸಿಗ್ತೈತೆ" ಅಂದರು. ಸಂಜೆವರೆಗೂ ಕೂತೆ. ಎರೆಹುಳ ಖಾಲಿ ಆಯಿತೇ ಹೊರತು ಒಂದು ಮೀನೂ ಸಿಗಲಿಲ್ಲ. ಮರುದಿನ ನೋಡಿದರೆ ಅಜ್ಜ ಜೊಂಡಿನ ಪಕ್ಕ ಕೂತು 2 ಕೊರವ ಹಿಡಿದಿದ್ದರು! ನನಗೆ ಸಿಟ್ಟು ಬಂತು. ನಾನೂ ಅಲ್ಲೇ ನೀರಿಗೆ ಇಳಿಯಲು ಹೋದೆ. "ಇಳೀಬೇಡ ಮಗಾ, ಹೂಳು ತೆಗೆದ ಗುಂಡಿ ಐತೆ" ಅಂತ ಅಜ್ಜ ಕೂಗಿದರು. ಇದೂ ಸುಳ್ಳೇ ಅಂದುಕೊಂಡು ದಡದಿಂದಲೇ ಬಿದಿರು ಕೋಲು ಇಳಿಸಿ ನೋಡಿದೆ. ನನಗಿಂತ ಉದ್ದದ ಕೋಲು ಪೂರ್ತಿ ಮುಳುಗಿತು, ತಳ ಸಿಗಲಿಲ್ಲ. ನನಗೆ ಈಜು ಬರುವುದಿಲ್ಲ.

ಮೀನಿನ ಜಾಗವನ್ನು ಅವರು ಮುಚ್ಚಿಟ್ಟರೂ ನಾವೇ ಕಂಡುಕೊಳ್ಳಬಹುದು. ಕೊರವ ಉಸಿರಾಡಲು ಆಗಾಗ ನೀರಿನ ಮೇಲಕ್ಕೆ ಬರುತ್ತದೆ, ಸುಮ್ಮನೆ ಕೂತು ನೋಡಿದರೆ ಕಾಣುತ್ತದೆ. ಆದರೆ ಗುಂಡಿ ಕಾಣುವುದಿಲ್ಲ. ಕೆರೆ ಬತ್ತಿದಾಗ ನೋಡಿದವರಿಗಷ್ಟೇ ಅದು ಗೊತ್ತು. ಆದ್ದರಿಂದ ಮೀನಿನ ಮಾತನ್ನು ಪರೀಕ್ಷಿಸಿ ನಂಬೋಣ. ಅಪಾಯದ ಮಾತನ್ನು ಕೇಳಿದ ಕೂಡಲೇ ನಂಬೋಣ.

– 7ನೇ ತರಗತಿ ವಿದ್ಯಾರ್ಥಿ